ಲೆಕ್ಕಕ್ಕುಂಟು, ಹೆಸರಿಗಿಲ್ಲ

ಪಂಜಾಬಿನ ಹಳೆಯ ಊರುಗಳಲ್ಲಿ ಶಾಲೆಯ ಗೋಡೆಗೋ ಚಾವಡಿಗೋ ಊರಬಾಗಿಲಿಗೋ ಕೂರಿಸಿದ ಅಮೃತಶಿಲೆಯ ಒಂದು ಫಲಕ ಇಂದಿಗೂ ಅಲ್ಲಲ್ಲಿ ಕಾಣಸಿಗುತ್ತದೆ. ಗಾತ್ರ ಸಣ್ಣದು, ಅದರ ಮೇಲಿನ ಇಂಗ್ಲಿಷ್ ಮಾತು ಇನ್ನೂ ಸಣ್ಣದು: ಈ ಊರಿನಿಂದ 1914–1919ರ ಮಹಾಯುದ್ಧಕ್ಕೆ ಇಷ್ಟು ಜನ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ಕೊಟ್ಟರು. ವಾಕ್ಯದ ಅಚ್ಚು ಎಲ್ಲೆಡೆಯೂ ಒಂದೇ. ಊರಿಂದ ಊರಿಗೆ ಬದಲಾಗುವುದು ಊರ ಹೆಸರು ಮತ್ತು ಎರಡು ಅಂಕಿ. ಹರಿಯಾಣದಲ್ಲಿ, ಹಿಮಾಚಲದಲ್ಲಿ, ಗಡಿಯಾಚೆ ಪಾಕಿಸ್ತಾನದ ಝೇಲಂ, ರಾವಲ್ಪಿಂಡಿ ಸೀಮೆಯಲ್ಲಿ ಇಂಥವೇ ಕಲ್ಲುಗಳಿವೆ. ನಮಗೆ ಹತ್ತಿರದ ಸಾತಾರಾ ಜಿಲ್ಲೆಯಲ್ಲಿ ‘ಅಪಶಿಂಗೆ ಮಿಲಿಟರಿ’ ಎಂದೇ ಹೆಸರಾದ ಹಳ್ಳಿಯೊಂದಿದೆ. ಆ ಒಂದೇ ಹಳ್ಳಿಯಿಂದ ಮೊದಲ ಮಹಾಯುದ್ಧದಲ್ಲಿ ಸತ್ತವರು 46 ಮಂದಿ.

ವೀರಗಲ್ಲುಗಳ ನಡುವೆ ಬೆಳೆದ ಕನ್ನಡಿಗರಿಗೆ ಈ ಫಲಕಗಳು ವಿಚಿತ್ರವಾಗಿ ಕಾಣಬೇಕು. ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವನಿಗೂ ಇಲ್ಲಿ ಊರವರು ಕಲ್ಲು ನಿಲ್ಲಿಸಿ, ಆತ ಇಂಥವನ ಮಗ, ಇಂಥಲ್ಲಿ ಕಾದಿ ಬಿದ್ದ ಎಂದು ಬರೆಸುತ್ತಿದ್ದರು. ಮಂಡ್ಯ ಸೀಮೆಯ ಆತಕೂರಿನ 10ನೇ ಶತಮಾನದ ಕಲ್ಲು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯ ಬಿದ್ದ ಸಂಗತಿಯ ಜೊತೆಗೆ, ಮಣಲೆರನೆಂಬ ವೀರನ ಬೇಟೆನಾಯಿ ಹಂದಿಯೊಡನೆ ಹೋರಾಡಿ ಸತ್ತದ್ದನ್ನೂ ಅದು ಹೇಳುತ್ತದೆ, ನಾಯಿಯ ಹೆಸರು ಕಾಳಿ ಎಂದೂ ಹೇಳುತ್ತದೆ. ಸಾವಿರ ವರ್ಷದ ಹಿಂದೆ ನಾಯಿಗೂ ದಕ್ಕಿದ ಹೆಸರು 20ನೇ ಶತಮಾನದ ಸಿಪಾಯಿಗೆ ಏಕೆ ದಕ್ಕಲಿಲ್ಲ? ಉತ್ತರ ಹುಡುಕಬೇಕಾದರೆ ಈ ಹಳ್ಳಿಗರನ್ನು ಯುದ್ಧಕ್ಕೆ ಕರೆದೊಯ್ದ ಬಗೆಯಿಂದಲೇ ಶುರುಮಾಡಬೇಕು.

ಹನ್ನೊಂದು ರೂಪಾಯಿಯ ನೌಕರಿ

1857ರ ಬಂಡಾಯದಲ್ಲಿ ಅವಧ್ ಮತ್ತು ಬಿಹಾರದ ಸಿಪಾಯಿಗಳು ತಿರುಗಿಬಿದ್ದ ಮೇಲೆ ಬ್ರಿಟಿಷರ ಕಣ್ಣು ಪಂಜಾಬಿನ ಕಡೆ ಹೊರಳಿತು. ಭಾರತೀಯರಲ್ಲಿ ಕೆಲವರು ಮಾತ್ರ ಹುಟ್ಟಾ ಯೋಧರು ಎಂಬ ಸಿದ್ಧಾಂತವೊಂದು ನಿಧಾನಕ್ಕೆ ಬೇರುಬಿಟ್ಟಿತು. 1885ರಿಂದ 1893ರವರೆಗೆ ಮಹಾದಂಡನಾಯಕನಾಗಿದ್ದ ಲಾರ್ಡ್ ರಾಬರ್ಟ್ಸ್ ಅದಕ್ಕೆ ನೀರೆರೆದ. ಸಿಖ್ಖರು, ಪಂಜಾಬಿ ಮುಸಲ್ಮಾನರು, ಡೋಗ್ರರು, ಜಾಟರು, ಗೂರ್ಖರು, ಪಠಾಣರು ಯೋಧ ಜನಾಂಗಗಳೆನಿಸಿಕೊಂಡರು. ತೆಲುಗು, ತಮಿಳು, ಕನ್ನಡ ಸೀಮೆಗಳ ಸಿಪಾಯಿಗಳಿದ್ದ ಮದ್ರಾಸ್ ಸೇನೆಯ ಬಗ್ಗೆ ರಾಬರ್ಟ್ಸ್‌ಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಅಲ್ಲಿನ ಪಲ್ಟನ್‌ಗಳು ಒಂದೊಂದಾಗಿ ಕರಗಿದವು. 1914ರ ಹೊತ್ತಿಗೆ ಭಾರತೀಯ ಸೇನೆಯ ಸುಮಾರು ಅರ್ಧದಷ್ಟು ಜನ ಪಂಜಾಬಿನವರೇ ಆಗಿದ್ದರು.

ಹಳ್ಳಿಯವನಿಗೆ ಸಿದ್ಧಾಂತದ ಗೊಡವೆ ಇರಲಿಲ್ಲ, ಅವನಿಗೆ ಕಾಣುತ್ತಿದ್ದದ್ದು ಸಂಬಳ. ಉಪ್ಪಿನ ಬೆಟ್ಟಗಳ ಆಸುಪಾಸಿನ ಝೇಲಂ, ರಾವಲ್ಪಿಂಡಿ ಜಿಲ್ಲೆಗಳಲ್ಲಿ ನೆಲ ಬರಡು, ಹಿಡುವಳಿ ಚಿಕ್ಕದು, ಮಳೆ ನೆಚ್ಚಲಾಗದ್ದು. ಸಿಪಾಯಿಗೆ ತಿಂಗಳಿಗೆ 11 ರೂಪಾಯಿ, ಸೇವೆ ಮುಗಿದ ಮೇಲೆ ಪಿಂಚಣಿ, ಅದೃಷ್ಟವಿದ್ದರೆ ಹೊಸ ಕಾಲುವೆ ಸೀಮೆಯಲ್ಲಿ ಜಮೀನು. ಅಪ್ಪ ಇದ್ದ ಪಲ್ಟನ್ನಿಗೆ ಮಗ ಸೇರುವುದು, ಅಣ್ಣ ತಮ್ಮನನ್ನು ಕರೆತರುವುದು ವಾಡಿಕೆಯಾಯಿತು. ಪಲ್ಟನ್ ಎಂದರೆ ಊರಿನದೇ ಇನ್ನೊಂದು ಕೇರಿ. ಹಾಗಾಗಿ ಒಂದು ಪಲ್ಟನ್ ಒಂದು ದಿನದ ಕಾಳಗದಲ್ಲಿ ನೆಲಕಚ್ಚಿದರೆ ಸಾವಿನ ಸುದ್ದಿ ಅಕ್ಕಪಕ್ಕದ ನಾಲ್ಕು ಹಳ್ಳಿಗಳಿಗೆ ಒಟ್ಟೊಟ್ಟಿಗೆ ಮುಟ್ಟುತ್ತಿತ್ತು.

ಮಾರ್ಸೇಯ ಬಂದರಿನಿಂದ ಕೂತ್‌ವರೆಗೆ

1914ರ ಸೆಪ್ಟೆಂಬರ್ ಕೊನೆಯಲ್ಲಿ ಭಾರತೀಯ ಸೇನೆಯ ಮೊದಲ ತುಕಡಿಗಳು ಫ್ರಾನ್ಸಿನ ಮಾರ್ಸೇ ಬಂದರಿನಲ್ಲಿ ಇಳಿದವು. ಬ್ರಿಟನ್ನಿನ ವೃತ್ತಿಸೈನ್ಯ ಆಗಲೇ ಸವೆದಿತ್ತು, ಅಲ್ಲಿ ಹೊಸದಾಗಿ ಸೇರಿದವರ ತರಬೇತಿ ಮುಗಿದಿರಲಿಲ್ಲ. ನಡುವಿನ ಆ ಕೆಲವು ತಿಂಗಳುಗಳ ಅಂತರವನ್ನು ಲಾಹೋರ್ ಮತ್ತು ಮೀರತ್ ಡಿವಿಜನ್ನಿನ ಸಿಪಾಯಿಗಳು ತಮ್ಮ ಮೈಯಿಂದ ತುಂಬಿದರು. ಅಕ್ಟೋಬರ್ 31ರಂದು ಬೆಲ್ಜಿಯಮ್ಮಿನ ಹೊಲೆಬೆಕ್ ಬಳಿ ಮಷೀನ್‌ಗನ್ ತಂಡದ ಎಲ್ಲರೂ ಸತ್ತ ಮೇಲೂ ಗಾಯಗೊಂಡ ಖುದಾದಾದ್ ಖಾನ್ ಕಡೆಯವರೆಗೆ ಗುಂಡು ಹಾರಿಸಿದ. ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಭಾರತೀಯ ಸಿಪಾಯಿ ಅವನೇ, ಚಕ್ವಾಲ್ ಕಡೆಯ ಡಬ್ ಎಂಬ ಹಳ್ಳಿಯವನು.

1915ರ ಮಾರ್ಚ್ 10ರಂದು ಫ್ರಾನ್ಸಿನ ನವ್ ಶಪೆಲ್ ಹಳ್ಳಿಯ ಮೇಲೆ ದಾಳಿ ನಡೆಯಿತು. ಮೂರು ದಿನಗಳ ಆ ಕಾಳಗದಲ್ಲಿ ಭಾರತೀಯ ದಳದ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 4,000 ದಾಟಿದರು. ಟೆಹ್ರಿ ಗಢವಾಲಿನ ಗಬರ್ ಸಿಂಗ್ ನೇಗಿ ಬಿದ್ದದ್ದು ಅಲ್ಲಿಯೇ. ಅವನಿಗೆ ಇನ್ನೂ 20 ತುಂಬಿರಲಿಲ್ಲ. ವಿಕ್ಟೋರಿಯಾ ಕ್ರಾಸ್ ಅವನ ಸಾವಿನ ನಂತರ ಊರಿಗೆ ಬಂತು.

ಊರಿಗೆ ಹೋಗುವ ಕಾಗದಗಳನ್ನು ಸೇನೆ ಒಡೆದು ಓದುತ್ತಿತ್ತು. ಸೆನ್ಸಾರ್ ಕಚೇರಿ ಅವುಗಳ ಸಾರವನ್ನು ಇಂಗ್ಲಿಷಿಗಿಳಿಸಿ ಜೋಪಾನ ಮಾಡಿದ್ದರಿಂದಲೇ ಸಿಪಾಯಿಗಳ ಮಾತು ಇಂದು ನಮಗೆ ಸಿಗುತ್ತಿರುವುದು. ಓದುವವರಿದ್ದಾರೆಂದು ತಿಳಿದ ಸಿಪಾಯಿಗಳು ಒಗಟು ಹೂಡಿದರು. ಕರಿಮೆಣಸು ಎಂದರೆ ಭಾರತೀಯರು, ಕೆಂಪು ಮೆಣಸು ಎಂದರೆ ಬಿಳಿಯರು. ಕರಿಮೆಣಸು ತೀರುತ್ತ ಬಂದಿದೆ ಎಂಬ ಒಂದು ಮಾತಿನಲ್ಲಿ ಊರಿನವರು ತಿಳಿಯಬೇಕಾದದ್ದೆಲ್ಲ ಇರುತ್ತಿತ್ತು: ನಮ್ಮವರು ಸಾಯುತ್ತಿದ್ದಾರೆ, ನೀವು ಬರಬೇಡಿ.

1915ರ ಕೊನೆಗೆ ಕಾಲಾಳು ದಳಗಳನ್ನು ಫ್ರಾನ್ಸಿನಿಂದ ಮೆಸೊಪೊಟೇಮಿಯಾಕ್ಕೆ, ಅಂದರೆ ಈಗಿನ ಇರಾಕಿಗೆ, ಕಳಿಸಿದರು. ಹಳ್ಳಿಗಳಿಗೆ ಅತಿ ದೊಡ್ಡ ಪೆಟ್ಟು ಬಿದ್ದದ್ದು ಅಲ್ಲಿ. ಎಣ್ಣೆ ಬಾವಿಗಳ ರಕ್ಷಣೆಗೆಂದು ಶುರುವಾದ ದಂಡಯಾತ್ರೆ ಬಗ್ದಾದಿನ ಆಸೆಗೆ ಬಿದ್ದು ತೀರಾ ಒಳಕ್ಕೆ ನುಗ್ಗಿತ್ತು. ದೋಣಿಗಳು ಸಾಲಲಿಲ್ಲ, ವೈದ್ಯರು ಸಾಲಲಿಲ್ಲ, ಗಾಯಾಳುಗಳು ತೆರೆದ ದೋಣಿಗಳಲ್ಲಿ ದಿನಗಟ್ಟಲೆ ಬಿದ್ದಿದ್ದರು. ಜನರಲ್ ಟೌನ್‌ಶೆಂಡ್‌ನ ಸೈನ್ಯ 1915ರ ಡಿಸೆಂಬರ್‌ನಿಂದ ಕೂತ್ ಪಟ್ಟಣದಲ್ಲಿ ಮುತ್ತಿಗೆಗೆ ಸಿಕ್ಕಿ 147 ದಿನ ಹಸಿದು, 1916ರ ಏಪ್ರಿಲ್ 29ರಂದು ಶರಣಾಯಿತು. ಸೆರೆಸಿಕ್ಕ ಸುಮಾರು 13,000 ಜನರಲ್ಲಿ ಬಹುಪಾಲು ಭಾರತೀಯರು. ಟೌನ್‌ಶೆಂಡ್‌ನನ್ನು ತುರ್ಕರು ಇಸ್ತಾಂಬುಲ್ ಹತ್ತಿರದ ದ್ವೀಪದಲ್ಲಿ ಅತಿಥಿಯಂತೆ ನೋಡಿಕೊಂಡರು. ಸಿಪಾಯಿಗಳು ಮರುಭೂಮಿಯಲ್ಲಿ ನಡೆದು ನಡೆದು, ರೈಲುಹಾದಿಯ ಕೂಲಿ ಮಾಡಿ, ಸಾವಿರಗಟ್ಟಲೆ ಸತ್ತರು. 1917ರಲ್ಲಿ ತನಿಖಾ ಆಯೋಗದ ವರದಿ ಹೊರಬಿದ್ದಾಗ ಭಾರತ ಮಂತ್ರಿ ಆಸ್ಟಿನ್ ಚೇಂಬರ್ಲೇನ್ ರಾಜೀನಾಮೆ ಕೊಟ್ಟ. ಸತ್ತವರ ಮನೆಗಳಿಗೆ ಆ ರಾಜೀನಾಮೆಯಿಂದ ಆದದ್ದು ಏನೂ ಇಲ್ಲ.

ತಲೆಗಂದಾಯ

ಕೂತ್ ಸೋಲಿನ ಸುದ್ದಿ, ಊರಿಗೆ ಮರಳಿದ ಕುಂಟರು ಕುರುಡರು, ಒಗಟಿನ ಕಾಗದಗಳು – ಇವೆಲ್ಲ ಸೇರಿ ತಾವಾಗಿ ಬಂದು ಸೇರುವವರ ಸಂಖ್ಯೆ ಇಳಿಯಿತು. ಯುದ್ಧಕ್ಕೆ ಬೇಕಾದವರ ಸಂಖ್ಯೆ ಮಾತ್ರ ಏರುತ್ತಲೇ ಇತ್ತು. ಕಥೆ ತಿರುಗಿದ್ದು ಇಲ್ಲಿ. ಆವರೆಗೆ ಸೈನ್ಯಕ್ಕೆ ಜನ ಕೂಡಿಸುವುದು ಸೈನ್ಯದವರ ಕೆಲಸ. 1917ರಿಂದ ಅದು ಕಂದಾಯ ಇಲಾಖೆಯ ಕೆಲಸವೂ ಆಯಿತು. ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಮೈಕೆಲ್ ಓಡ್ವಯರ್ ಜಿಲ್ಲೆಗಿಷ್ಟು ಜನ ಎಂದು ಗೊತ್ತುಮಾಡಿದ. ಅದು ತಹಶೀಲಿಗಿಷ್ಟು, ಊರಿಗಿಷ್ಟು ಎಂದು ಹಂಚಿಕೆಯಾಗಿ ಕೊನೆಗೆ ಊರಿನ ಲಂಬರ್ದಾರನ ತಲೆಯ ಮೇಲೆ ಕೂತಿತು. ನಮ್ಮ ಶಾನುಭೋಗ ಪಟೇಲರಂತೆ ಪ್ರತಿ ಮನೆಯ ಒಳಹೊರಗು ಬಲ್ಲ ಜನ ಇವರು. ಯಾರ ಮನೆಯಲ್ಲಿ ಎಷ್ಟು ಗಂಡುಮಕ್ಕಳು ಎಂದು ಹೇಳಲು ಇವರಿಗೆ ಕಡತ ಬೇಕಿರಲಿಲ್ಲ.

ಹೆಚ್ಚು ಜನ ಕೊಟ್ಟವನಿಗೆ ಖಾನ್ ಬಹಾದ್ದೂರ್, ರಾಯ್ ಸಾಹೇಬ್ ಬಿರುದು, ಜಮೀನು. ಕೊಡದ ಊರಿಗೆ ಕಾಲುವೆ ನೀರಿನ ತಗಾದೆ, ಹಳೆಯ ಪ್ರಕರಣಗಳ ಮರುಜೀವ. ಯೋಧರಿಗೆಂದು ಕಾಲುವೆ ಸೀಮೆಗಳಲ್ಲಿ ಸುಮಾರು 1.8 ಲಕ್ಷ ಎಕರೆ ತೆಗೆದಿಟ್ಟರು. 1918ರ ಏಪ್ರಿಲ್‌ನಲ್ಲಿ ದಿಲ್ಲಿಯ ಯುದ್ಧ ಸಮ್ಮೇಳನ ಭಾರತದಿಂದ ಇನ್ನೂ 5 ಲಕ್ಷ ಜನ ಬೇಕೆಂದಿತು. ಪಂಜಾಬು 2 ಲಕ್ಷ ಕೊಡುತ್ತದೆ ಎಂದು ಓಡ್ವಯರ್ ಮಾತು ಕೊಟ್ಟ. ಅದೇ ಸಮ್ಮೇಳನಕ್ಕೆ ಹೋಗಿದ್ದ ಗಾಂಧಿ ಗುಜರಾತಿನ ಖೇಡಾದಲ್ಲಿ ಹಳ್ಳಿ ಹಳ್ಳಿ ನಡೆದು ಜನ ಕೇಳಿದಾಗ, ಕಂದಾಯ ಸತ್ಯಾಗ್ರಹಕ್ಕೆ ಬಂಡಿ ಕಟ್ಟಿ ಕಳಿಸಿದ್ದ ಅದೇ ಊರುಗಳು ಈ ಬಾರಿ ಮುಖ ತಿರುಗಿಸಿದವು.

ಯುದ್ಧ ಮುಗಿಯುವ ವೇಳೆಗೆ ಭಾರತದಿಂದ ಸೇರಿದವರು 14 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಸುಮಾರು 8.77 ಲಕ್ಷ ಜನ ಬಂದೂಕು ಹಿಡಿದವರು, ಉಳಿದವರು ಹೇಸರಗತ್ತೆ ಹೊಡೆಯುವವರು, ಡೋಲಿ ಹೊರುವವರು, ಅಡುಗೆಯವರು, ಕೂಲಿಗಳು. ಝೇಲಂ, ರಾವಲ್ಪಿಂಡಿ ಜಿಲ್ಲೆಗಳಲ್ಲಿ ಸೇನೆಗೆ ತಕ್ಕ ವಯಸ್ಸಿನ ಗಂಡಸರಲ್ಲಿ ನೂರಕ್ಕೆ ಸುಮಾರು 40 ಜನ ಹೋಗಿದ್ದರು. ಸತ್ತ ಭಾರತೀಯರು ಸುಮಾರು 74,000.

ಇವರು ಮನಸಾರೆ ಹೋದವರೋ, ಬಲವಂತಕ್ಕೆ ಹೋದವರೋ? ಈ ವಾದ ಅಂದಿನಿಂದಲೂ ಇದೆ. ರಾಜಭಕ್ತಿಯಿಂದ ಬಂದರು ಎಂದು ಓಡ್ವಯರ್ ಸಾಧಿಸಿದ. ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ನಂತರ ಕಾಂಗ್ರೆಸ್ ನೇಮಿಸಿದ ಸಮಿತಿ 1920ರ ತನ್ನ ವರದಿಯಲ್ಲಿ, ಪಂಜಾಬಿನ ಸಿಟ್ಟಿಗೆ ಈ ಸೈನ್ಯಭರ್ತಿಯ ದಬ್ಬಾಳಿಕೆಯೂ ಕಾರಣ ಎಂದಿತು. ವೈಸರಾಯ್ ಮಂಡಳಿಗೆ ರಾಜೀನಾಮೆ ಕೊಟ್ಟಿದ್ದ ಸಿ. ಶಂಕರನ್ ನಾಯರ್ ತಮ್ಮ ಪುಸ್ತಕದಲ್ಲಿ ಓಡ್ವಯರ್ ಆಡಳಿತವನ್ನು ಖಂಡಿಸಿದಾಗ ಆತ ಲಂಡನ್ನಿನಲ್ಲಿ ಮಾನನಷ್ಟ ಮೊಕದ್ದಮೆ ಹೂಡಿದ. 1924ರಲ್ಲಿ ಐದು ವಾರ ನಡೆದ ಆ ವಿಚಾರಣೆಯಲ್ಲಿ ಪಂಜಾಬಿನ ಹಳ್ಳಿಗಳಿಂದ ಜನ ಎಳೆದ ಬಗೆಯೂ ಚರ್ಚೆಗೆ ಬಂತು. 12 ಜ್ಯೂರಿಗಳಲ್ಲಿ 11 ಮಂದಿ ಓಡ್ವಯರ್ ಪರ ನಿಂತರು. ಒಪ್ಪದವನು ಒಬ್ಬನೇ, ಚಿಂತಕ ಹೆರಾಲ್ಡ್ ಲಾಸ್ಕಿ. ನಾಯರ್ 500 ಪೌಂಡ್ ಪರಿಹಾರ ತೆರಬೇಕಾಯಿತು.

ಈಚಿನ ಇತಿಹಾಸಕಾರರು ಎರಡರ ನಡುವಿನ ದಾರಿ ಹಿಡಿದಿದ್ದಾರೆ. ಸೇನೆ ಮತ್ತು ಕಂದಾಯ ಆಡಳಿತ ಬೆಸೆದುಕೊಂಡು ಪಂಜಾಬು ಇಡಿಯಾಗಿ ದಂಡಿನ ಬೀಡಾಯಿತು ಎಂದು ತಾನ್ ತೈ ಯೋಂಗ್ ತೋರಿಸಿದ್ದಾರೆ. ಮಾನ, ಬಿರುದು, ಪಲ್ಟನ್ನಿನ ಹೆಸರು ಸಿಪಾಯಿಗೆ ನಿಜವಾಗಿಯೂ ಮುಖ್ಯವಾಗಿದ್ದವು ಎಂದು ಡೇವಿಡ್ ಒಮಿಸ್ಸಿ ಕಾಗದಗಳ ಆಧಾರದಿಂದ ಹೇಳುತ್ತಾರೆ. 1914ರಲ್ಲಿ ಹೋದವನ ಮನಸ್ಸು 1918ರಲ್ಲಿ ಹೋದವನಿಗಿರಲಿಲ್ಲ ಎಂಬುದನ್ನು ನೆನಪಿಟ್ಟರೆ ಈ ಎರಡು ಮಾತುಗಳೂ ಒಟ್ಟಿಗೆ ನಿಲ್ಲುತ್ತವೆ. ನಮ್ಮ ಕಥೆಗೆ ಮುಖ್ಯವಾದದ್ದು ಬೇರೆ. ಯುದ್ಧದ ಕೊನೆಯ ಎರಡು ವರ್ಷ ಹಳ್ಳಿಯನ್ನು ಸರ್ಕಾರ ಕಂಡದ್ದು ಅಂಕಿಯಾಗಿ. ಊರಿನ ಬಾಕಿ ಎಷ್ಟು, ವಸೂಲಾದದ್ದು ಎಷ್ಟು ಎಂಬುದೇ ಪ್ರಶ್ನೆ. ಯುದ್ಧ ಮುಗಿದ ಮೇಲೆ ನೆಟ್ಟ ಫಲಕ ಆ ಕಂದಾಯಕ್ಕೆ ಕೊಟ್ಟ ರಸೀದಿಯಂತಿದ್ದರೆ ಆಶ್ಚರ್ಯವಿಲ್ಲ.

ಕಲ್ಲುಗಳ ತಾರತಮ್ಯ

ಇದೇ ಕಾಲಕ್ಕೆ ಲಂಡನ್ನಿನಲ್ಲಿ ಇನ್ನೊಂದು ಆದರ್ಶ ರೂಪುಗೊಂಡಿತ್ತು. ಫೇಬಿಯನ್ ವೇರ್ ಎಂಬವನ ಹಟದಿಂದ 1917ರಲ್ಲಿ ಯುದ್ಧ ಸಮಾಧಿಗಳ ಆಯೋಗ ಹುಟ್ಟಿತು. ಮರುವರ್ಷ ಫ್ರೆಡರಿಕ್ ಕೆನ್ಯನ್ ಕೊಟ್ಟ ವರದಿಯ ತಿರುಳು ಇಷ್ಟು: ಸತ್ತವರಲ್ಲಿ ಮೇಲುಕೀಳಿಲ್ಲ. ಜನರಲ್ ಆಗಲಿ ಸಿಪಾಯಿಯಾಗಲಿ, ಎಲ್ಲರಿಗೂ ಒಂದೇ ಬಗೆಯ ಕಲ್ಲು, ಪ್ರತಿಯೊಬ್ಬನ ಹೆಸರು. ದೇಹ ಸಿಗದಿದ್ದರೆ ಗೋಡೆಯ ಮೇಲಾದರೂ ಹೆಸರು.

ಯುರೋಪಿನ ನೆಲದಲ್ಲಿ ಆ ಮಾತು ನಡೆಯಿತು. ನವ್ ಶಪೆಲ್‌ನಲ್ಲಿ ಹರ್ಬರ್ಟ್ ಬೇಕರ್ ವಿನ್ಯಾಸದ ಭಾರತೀಯ ಸ್ಮಾರಕ 1927ರ ಅಕ್ಟೋಬರ್ 7ರಂದು ತೆರೆದಾಗ ಅದರ ಗೋಡೆಯ ಮೇಲೆ ಸಮಾಧಿ ಕಾಣದ 4,700ಕ್ಕೂ ಹೆಚ್ಚು ಭಾರತೀಯರ ಹೆಸರಿದ್ದವು. ಸ್ವಂತ ಮಗನನ್ನು ಅದೇ ಯುದ್ಧದಲ್ಲಿ ಕಳೆದುಕೊಂಡಿದ್ದ ಲೇಖಕ ಕಿಪ್ಲಿಂಗ್, ಫ್ರಾನ್ಸಿನ ಮಾರ್ಷಲ್ ಫೋಶ್ ಅಲ್ಲಿ ಹಾಜರಿದ್ದರು.

ಆದರೆ ಭಾರತೀಯರು ಅತಿ ಹೆಚ್ಚು ಸತ್ತದ್ದು ಇರಾಕಿನಲ್ಲಿ. 1929ರಲ್ಲಿ ಬಸ್ರಾದಲ್ಲಿ ತೆರೆದ ಸ್ಮಾರಕ 40,000ಕ್ಕೂ ಹೆಚ್ಚು ಜನರ ನೆನಪಿನದು. ಅಲ್ಲಿ ಬ್ರಿಟಿಷ್ ಸೈನಿಕರೆಲ್ಲರ ಹೆಸರಿದೆ, ಭಾರತೀಯ ಅಧಿಕಾರಿಗಳ ಹೆಸರೂ ಇದೆ. ಭಾರತೀಯ ಸಿಪಾಯಿಗಳ ಸರದಿ ಬಂದಾಗ ಪಲ್ಟನ್ನಿನ ಹೆಸರು, ಅದರ ಕೆಳಗೆ ಇಂತಿಷ್ಟು ಜನ ಎಂಬ ಸಂಖ್ಯೆ. ಆ ಕಲ್ಲಿಗೂ ನೆಮ್ಮದಿ ಸಿಗಲಿಲ್ಲ. 1997ರಲ್ಲಿ ಸದ್ದಾಂ ಹುಸೇನ್ ಆಜ್ಞೆಯಂತೆ ಅದನ್ನು ಬಿಚ್ಚಿ ಬಂದರಿನಿಂದ ದೂರದ ಮರುಭೂಮಿಗೆ ಸಾಗಿಸಿದರು. ದಿಲ್ಲಿಯಲ್ಲಿ 1931ರಲ್ಲಿ ತೆರೆದ ಇಂಡಿಯಾ ಗೇಟ್ ಇಡೀ ಭಾರತೀಯ ಸೇನೆಯ ಸ್ಮಾರಕವೆನಿಸಿದರೂ ಅದರ ಮೇಲಿರುವ ಹೆಸರುಗಳು 13,000ದಷ್ಟು ಮಾತ್ರ. ಹಳ್ಳಿಗೆ ಉಳಿದದ್ದು ಗೋಡೆಯ ಆ ಎರಡು ಅಂಕಿ.

ಹಾಗೆಂದು ಹಳ್ಳಿಗಳು ಸರ್ಕಾರದ ಫಲಕವನ್ನೇ ನೆಚ್ಚಿ ಕೂರಲಿಲ್ಲ. 1914ರ ಡಿಸೆಂಬರ್‌ನಲ್ಲಿ ದೊರೆ ಐದನೇ ಜಾರ್ಜ್ ಫ್ರಾನ್ಸಿನಲ್ಲಿ ವಿಕ್ಟೋರಿಯಾ ಕ್ರಾಸ್ ತೊಡಿಸಿದಾಗ ಗಢವಾಲಿನ ದರ್ವಾನ್ ಸಿಂಗ್ ನೇಗಿ ತನ್ನ ಸೀಮೆಯ ಕರ್ಣಪ್ರಯಾಗಕ್ಕೆ ಶಾಲೆ ಕೇಳಿದ. 1918ರಲ್ಲಿ ಅಲ್ಲಿ ಯುದ್ಧಸ್ಮಾರಕ ಶಾಲೆ ಶುರುವಾಯಿತು. ಗಬರ್ ಸಿಂಗ್ ನೇಗಿಯ ಹೆಸರಿನಲ್ಲಿ ಟೆಹ್ರಿ ಗಢವಾಲಿನ ಚಂಬಾದಲ್ಲಿ ಪ್ರತಿ ಏಪ್ರಿಲ್ ಮೇಳ ಸೇರುತ್ತದೆ. ಸುತ್ತಲಿನ ಹಳ್ಳಿಗರು ಬರುತ್ತಾರೆ, ಗಢವಾಲ್ ರೈಫಲ್ಸ್‌ನವರು ಗೌರವ ಸಲ್ಲಿಸುತ್ತಾರೆ. ಉಪ್ಪಿನ ಬೆಟ್ಟದ ದುಲ್ಮಿಯಾಲ್ ಹಳ್ಳಿಯಿಂದ 460 ಜನ ಯುದ್ಧಕ್ಕೆ ಹೋಗಿದ್ದರು. ಅದರ ಮೆಚ್ಚುಗೆಗೆ ಬ್ರಿಟಿಷರು 1925ರಲ್ಲಿ ಕೊಟ್ಟ ಹಳೆಯ ಫಿರಂಗಿ ಊರಿನ ಗುರುತೇ ಆಯಿತು, ಸುತ್ತಲಿನವರಿಗೆ ಅದು ಫಿರಂಗಿಯ ಊರು.

ಮೈಸೂರಿನ ಕಥೆ ತುಸು ಬೇರೆ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರ ಗೆದ್ದ ಕುದುರೆದಳಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಒಂದು. ಅದು ನಾಲ್ವಡಿ ಕೃಷ್ಣರಾಜ ಒಡೆಯರ ಸಂಸ್ಥಾನದ ಪಡೆ. ಬೆಂಗಳೂರಿನ ಜಯಚಾಮರಾಜೇಂದ್ರ ನಗರದ ಬಳಿ ಇರುವ ಅದರ ಸ್ಮಾರಕದಲ್ಲಿ ಮಡಿದವರ ಹೆಸರನ್ನೇ ಕೊರೆಸಿದ್ದಾರೆ. ಪಡೆ ಚಿಕ್ಕದು, ಸತ್ತವರು ಕಡಿಮೆ, ದೊರೆಗೆ ಅವರು ತನ್ನವರು. ಹೆಸರು ಬರೆಸುವುದು ಆಗದ ಮಾತಲ್ಲ ಎಂಬುದಕ್ಕೆ ಅಷ್ಟು ಸಾಕು.

ಲಾಹೋರಿನ ವಹಿಗಳು

ನೂರು ವರ್ಷ ಕಳೆದ ಮೇಲೆ ಈ ಕಥೆಗೆ ಎರಡು ಹೊಸ ಅಧ್ಯಾಯ ಸೇರಿದವು, ಎರಡೂ 2021ರಲ್ಲಿ. ಬ್ರಿಟಿಷ್ ಸಂಸದ ಡೇವಿಡ್ ಲ್ಯಾಮಿ ಆಫ್ರಿಕಾದ ಹೆಸರಿಲ್ಲದ ಸಮಾಧಿಗಳ ಬಗ್ಗೆ ಮಾಡಿದ ಸಾಕ್ಷ್ಯಚಿತ್ರದಿಂದ ಮುಜುಗರಕ್ಕೊಳಗಾದ ಸಮಾಧಿಗಳ ಆಯೋಗ ತನ್ನದೇ ಕಡತಗಳ ಪರಿಶೀಲನೆಗೆ ಸಮಿತಿ ನೇಮಿಸಿತು. ಏಪ್ರಿಲ್‌ನಲ್ಲಿ ಬಂದ ವರದಿ ಸುತ್ತಿ ಬಳಸಿ ಮಾತಾಡಲಿಲ್ಲ. ಭಾರತ, ಆಫ್ರಿಕಾ, ಈಜಿಪ್ಟ್ ಮೂಲದ 45,000ದಿಂದ 54,000 ಜನರನ್ನು ಸಮಾನವಾಗಿ ಸ್ಮರಿಸಿಲ್ಲ. ಇನ್ನೂ ಕನಿಷ್ಠ 1,16,000 ಜನ, ಬಹುಶಃ 3,50,000ದವರೆಗೂ, ಹೆಸರಿನಿಂದ ಸ್ಮರಣೆಗೊಳ್ಳಲಿಲ್ಲ, ಕೆಲವರಿಗೆ ಯಾವ ಸ್ಮರಣೆಯೂ ಸಿಗಲಿಲ್ಲ. ಇದಕ್ಕೆ ಅಂದಿನ ಸಾಮ್ರಾಜ್ಯದ ಜನಾಂಗೀಯ ಮನೋಭಾವವೇ ಕಾರಣ ಎಂದು ವರದಿ ಒಪ್ಪಿತು. ರಕ್ಷಣಾ ಮಂತ್ರಿ ಬೆನ್ ವಾಲೆಸ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ.

ಅದೇ ವರ್ಷದ ನವೆಂಬರ್‌ನಲ್ಲಿ ಬ್ರಿಟನ್ನಿನ ಪಂಜಾಬಿ ಪರಂಪರೆಯ ಸಂಘವೊಂದು ಗ್ರೀನಿಚ್ ವಿಶ್ವವಿದ್ಯಾಲಯದ ಜೊತೆಗೂಡಿ ಇನ್ನೊಂದು ಸಂಗತಿ ಹೊರಗಿಟ್ಟಿತು. ಯುದ್ಧ ಮುಗಿದ ಕೂಡಲೇ ಪಂಜಾಬ್ ಸರ್ಕಾರ ಯಾವ ಊರಿನಿಂದ ಯಾರು ಹೋದರು ಎಂದು ವಹಿಗಳನ್ನು ಬರೆಸಿತ್ತು. ಸುಮಾರು 26,000 ಪುಟ, 3,20,000 ಜನರ ದಾಖಲೆ. ಹೆಸರು, ಮನೆತನದ ವಿವರ, ಹುದ್ದೆ, ಪಲ್ಟನ್ ಎಲ್ಲವೂ ಊರುವಾರು ಇದ್ದವು. ಲಾಹೋರ್ ವಸ್ತುಸಂಗ್ರಹಾಲಯದಲ್ಲಿ ಅವು ಸುಮಾರು ನೂರು ವರ್ಷ ಯಾರೂ ತೆರೆಯದೆ ಕೂತಿದ್ದವು. ಜಾಲಂಧರ್, ಲುಧಿಯಾನ, ಸಿಯಾಲ್‌ಕೋಟ್ ಜಿಲ್ಲೆಗಳ ಸುಮಾರು 45,000 ದಾಖಲೆಗಳನ್ನು ಮೊದಲ ಕಂತಾಗಿ ಅಂತರ್ಜಾಲಕ್ಕೆ ಏರಿಸಿದರು.

ಈ ವಹಿಗಳು ಹಳೆಯ ಒಂದು ನೆಪವನ್ನು ಕಿತ್ತುಹಾಕುತ್ತವೆ. ಅಷ್ಟು ಜನರ ಹೆಸರು ಹುಡುಕುವುದು ಹೇಗೆ ಎಂಬ ಮಾತಿಗೆ ಇನ್ನು ಜಾಗವಿಲ್ಲ. ಪಿಂಚಣಿ ಲೆಕ್ಕಕ್ಕೆ, ಜಮೀನು ಹಂಚಿಕೆಗೆ, ನಾಳೆ ಮತ್ತೆ ಯುದ್ಧ ಬಂದರೆ ಯಾವ ಊರಿನ ಬಾಗಿಲು ತಟ್ಟಬೇಕೆಂದು ತಿಳಿಯುವುದಕ್ಕೆ ಹೆಸರು ಬೇಕಿತ್ತು, ಅದನ್ನು ಬರೆಸಿಟ್ಟುಕೊಂಡರು. ಕಲ್ಲಿಗೆ ಅದು ಬೇಕೆಂದು ತೋರಲಿಲ್ಲ.

ಹೆಸರಿಲ್ಲದ್ದರ ಪರಿಣಾಮ ಸ್ವತಂತ್ರ ಭಾರತದ ಮೇಲೂ ಆಯಿತು. ಬ್ರಿಟಿಷರಿಗಾಗಿ ಹೋರಾಡಿದವರು ನಮ್ಮ ರಾಷ್ಟ್ರೀಯ ಚರಿತ್ರೆಗೆ ಹೊಂದಲಿಲ್ಲ. ಬ್ರಿಟಿಷರ ಚರಿತ್ರೆಯಲ್ಲಿ ಅವರು ಸಂಖ್ಯೆಯಾಗಿ ಉಳಿದರು. 1947ರಲ್ಲಿ ಊರುಗಳೇ ಅದಲುಬದಲಾದವು. ಫಲಕವಿದ್ದ ಹಳ್ಳಿಯಿಂದ ಸತ್ತವನ ಮನೆಯವರು ಗಡಿ ದಾಟಿ ಹೋದರು, ಅಲ್ಲಿಗೆ ಬಂದು ನೆಲೆಸಿದವರಿಗೆ ಗೋಡೆಯ ಅಂಕಿ ಯಾರದೆಂದು ತಿಳಿಯಲಿಲ್ಲ. ಜಾಲಂಧರಿನ ಸಿಖ್ ಸಿಪಾಯಿಯ ದಾಖಲೆ ಲಾಹೋರಿನಲ್ಲಿ ಉಳಿಯಿತು. ಅದನ್ನು ಹುಡುಕಿ ಹೊರತೆಗೆದವರು ಲಂಡನ್ನಿನ ಪಂಜಾಬಿಗಳು.

ಹೆಸರು ಸಿಕ್ಕಿದ ಮಾತ್ರಕ್ಕೆ ಸತ್ತವರ ಕಥೆ ಪೂರ್ತಿಯಾಗುವುದಿಲ್ಲ. ಅವನು ತಾನಾಗಿ ಹೋದನೋ, ಲಂಬರ್ದಾರ ಕಳಿಸಿದನೋ ಎಂದು ವಹಿ ಹೇಳುವುದಿಲ್ಲ. ಆದರೂ ಇಂಥವನ ಮೊಮ್ಮಗ ನಾನು ಎಂದು ಒಬ್ಬ ಹೇಳಬಹುದಾದರೆ ಕೇಳಲು ಒಂದು ಪ್ರಶ್ನೆ, ಹುಡುಕಲು ಒಂದು ದಾರಿ ಹುಟ್ಟುತ್ತದೆ. ಅಂಕಿಯ ಮುಂದೆ ಕೈಮುಗಿಯಬಹುದು, ಅದನ್ನು ಪ್ರಶ್ನಿಸಲಾಗದು. ಅಮೃತಶಿಲೆಯ ಫಲಕದ ಎರಡು ಅಂಕಿಗಳನ್ನು ವಹಿಯ ಹೆಸರುಗಳೊಡನೆ ತಾಳೆ ನೋಡಿ, ಪಕ್ಕದಲ್ಲಿ ಇನ್ನೊಂದು ಕಲ್ಲು ನಿಲ್ಲಿಸುವುದು ಇಂದು ಯಾವ ಗ್ರಾಮ ಪಂಚಾಯಿತಿಗೂ ಆಗದ ಕೆಲಸವಲ್ಲ. ಅದಕ್ಕೆ ಲಂಡನ್ನಿನ ಅನುಮತಿಯೂ ಬೇಕಿಲ್ಲ.